ದೀರ್ಘ

ನಿಮಿಷಕ್ಕೆ ನೂರಿಪ್ಪತ್ತು ಪದ.
ಹತ್ತೊಂಬತ್ತು ವರ್ಷದಿಂದ ಈ ಓಟಕ್ಕೇ ಸಂಬಳ.
ಸಿವಿಲ್ ಕೋರ್ಟಿನ ಮೂರನೇ ಮಹಡಿಯಲ್ಲಿ
ಸಾಕ್ಷಿ ಕೆಮ್ಮಿ ಮುಗಿಸುವುದರೊಳಗೆ
ನನ್ನ ಪೆನ್ಸಿಲು ಮುಂದಿನ ಸಾಲಿನಲ್ಲಿ ಕಾಯುತ್ತಿರುತ್ತದೆ.

ಶೀಘ್ರಲಿಪಿಯಲ್ಲಿ ಸ್ವರ ಬಿಡುತ್ತೇವೆ.
ಚುಕ್ಕೆ ಇಡುವಷ್ಟರಲ್ಲಿ ವಕೀಲರು
ಎರಡು ಸರ್ವೆ ನಂಬರು ದಾಟಿರುತ್ತಾರೆ.
ಅಮ್ಮ ಅಂದರೆ ಒಂದು ಬಾಗಿದ ಗೆರೆ,
ಮನೆ ಅಂದರೆ ಅದಕ್ಕೆ ಅಂಟಿದ ಇನ್ನೊಂದು.
ಅಳು ಬಂದರೆ ಏನು ಬರೆಯುವುದು?
ಸಾಕ್ಷಿ ಅತ್ತರು ಅಂತ ಯಾರೂ ಹೇಳಿ ಬರೆಸುವುದಿಲ್ಲ.

ಯುಗಾದಿ ಮುಗಿದ ವಾರ ಹಾಲಿನವನಿಗೆ ಚೀಟಿ ಇಟ್ಟೆ,
ನಾಳೆ ಬೇಡ ಅಂತ.
ಬೆಳಿಗ್ಗೆ ಎರಡು ಪ್ಯಾಕೆಟ್ಟು ಹಿಡಿದು ಬೆಲ್ ಮಾಡಿ ಕೇಳಿದ:
"ಅಕ್ಕಾ, ಇದು ರಂಗೋಲಿನಾ?"
ನನಗೇ ಗೊತ್ತಿಲ್ಲದೆ ಕೈ ಓಡಿತ್ತು.
ಅವನು ನಕ್ಕ. ನಾನು ಬಾಗಿಲು ಹಾಕಿ
ಹಾಲು ಉಕ್ಕುವವರೆಗೂ ಆ ಚೀಟಿ ನೋಡುತ್ತಾ ನಿಂತೆ.

ಕಾಟನ್‌ಪೇಟೆಯ ಮುನಿಲಕ್ಷ್ಮಮ್ಮ
ಮೂವತ್ತು ವರ್ಷ ಲೆಡ್ಜರು ಹೊಲಿದವಳು.
ಆ ಪ್ರೆಸ್ಸೀಗ ಮೊಬೈಲ್ ಕವರಿನ ಗೋಡೌನು;
ಸೂಜಿ ಮಾತ್ರ ಅವಳ ಸೆರಗಿನಲ್ಲೇ ಉಳಿದಿದೆ.
ರದ್ದಾದ ಕಾಸ್‌ಲಿಸ್ಟು ಒಯ್ದಿದ್ದೆ,
ಒಂದು ಕಡೆ ವಾದಿ ಪ್ರತಿವಾದಿ, ತಿರುವಿದರೆ ಬಿಳಿ.
ನಾಲ್ಕು ನಾಲ್ಕು ಹಾಳೆ ಮಡಿಸಿ
ಹಳೇ ಬಾಚಣಿಗೆಯ ಬೆನ್ನಿನಿಂದ ಮಡಿಕೆ ತೀಡಿ
ದಾರಕ್ಕೆ ಮೇಣದಬತ್ತಿ ಉಜ್ಜಿ
ಹೊರಗಿಂದ ಒಳಕ್ಕೆ, ಒಳಗಿಂದ ಹೊರಕ್ಕೆ.
ಮೈದಾ ಅಂಟು ಕುದಿಯುವಾಗ
ಚಿಟಿಕೆ ಮೈಲುತುತ್ತ, ಹುಳ ತಿನ್ನದಿರಲಿ ಅಂತ.
ರಟ್ಟಿಗೆ ನನ್ನದೇ ಹಳೇ ವಾಯಿಲ್ ಸೀರೆ.
"ಮನೇಗೋಗಿ ರುಬ್ಬುಗುಂಡು ಹೇರು,
ಮೂರು ದಿನ ಮುಟ್ಬೇಡ" ಅಂದಳು.

ಎರಡನೇ ರಾತ್ರಿ ಎತ್ತಿ ನೋಡಿದೆ.
ಬೆಳಗಾಗುವುದರಲ್ಲಿ ರಟ್ಟು ಸೊಟ್ಟ.
"ಅವಸರದ ಬುಕ್ಕು ಬಾಯಿ ಮುಚ್ಚಲ್ಲ ಕಣಮ್ಮ.
ಬಿಚ್ಚಿ ಇನ್ನೊಂದ್ಸಲ ಮಾಡೋಣ್ವಾ?"
ಬೇಡ ಅಂದೆ. ಇದೇ ನನ್ನದು.

ಈಗ ಊಟದ ಬಿಡುವಿಗೆ ಕೆ.ಆರ್. ಸರ್ಕಲ್ಲು ದಾಟಿ
ಕಬ್ಬನ್ ಪಾರ್ಕು. ಡಬ್ಬಿಯ ಚಿತ್ರಾನ್ನ ಮಾತ್ರ
ಇನ್ನೂ ಐದೇ ನಿಮಿಷಕ್ಕೆ ಮುಗಿಯುತ್ತದೆ.
ಹೊಂಗೆಯ ಕೆಳಗೆ ಪುರಿ ಚೆಲ್ಲಿದ ಹಾಗೆ ಹೂ.
ಮೊದಲ ಎರಡು ವಾರ ಏನೂ ಬರೆಯಲಿಲ್ಲ,
ತೊಡೆಯ ಮೇಲಿಟ್ಟು ಸುಮ್ಮನೆ ಕೂತೆ.
ಬಾಯಿ ಮುಚ್ಚದ ಪುಸ್ತಕ:
ಧೂಳು ತಾನಾಗಿಯೇ ಒಂದಿಷ್ಟು ಬರೆದುಕೊಂಡಿತು.

ಪೆನ್ನು ಊರಿದರೆ ಕೈ ಮತ್ತೆ
ಬೆಲ್ಲು ಹೊಡೆದ ಶಾಲೆಯ ಹಾಗೆ ಓಡುತ್ತದೆ.
ಹಿಡಿದು ತಂದು ಕೂರಿಸಿ ಬರೆಸುತ್ತೇನೆ:
ಮೊದಲು ಹೊಟ್ಟೆ, ಆಮೇಲೆ ತಲೆಕಟ್ಟು,
ಆಮೇಲೆ ಕೊಂಬು, ಕೊಂಬಿಗೆ ದೀರ್ಘ.
ಎಳೆ. ಇನ್ನೂ ಎಳೆ. ಬಸ್ಸು ಹೋದರೆ ಹೋಗಲಿ, ಎಳೆ.
ಹೂ.
ಒಂದೇ ಅಕ್ಷರಕ್ಕೆ ಇಷ್ಟು ಕೆಲಸವಿದೆಯೆಂದು
ಒಂದನೇ ಕ್ಲಾಸಿನ ನಂತರ ಮರೆತೇಬಿಟ್ಟಿದ್ದೆ.

ಮೊನ್ನೆ ಸಾಲಿನ ಮೇಲೊಂದು ಇರುವೆ ಬಂತು.
ಒದ್ದೆ ಶಾಯಿಯನ್ನು ಮೀಸೆಯಲ್ಲಿ ಮುಟ್ಟಿ ನಿಂತಿತು.
ನಾನೂ ನಿಂತೆ.
ಅದು ದಾಟಿಹೋದ ಮೇಲೆ ಅದರ ಹೆಸರನ್ನೇ ಬರೆದೆ: ಇರುವೆ.
ಓದಿಕೊಂಡರೆ ನನ್ನ ವಿಷಯವೂ ಆಗಿತ್ತು.
ಅವತ್ತಿಗೆ ಅಷ್ಟೇ. ಗಂಟೆ ಎರಡೂ ಮುಕ್ಕಾಲು.

ಮಧ್ಯಾಹ್ನ ಪಾಲಿನ ದಾವೆ.
ಕಟಕಟೆಯಲ್ಲಿ ಒಬ್ಬಾಕೆ "ಮನೆ" ಅಂದು ನಿಲ್ಲಿಸಿದರು.
ಫ್ಯಾನು ತಿರುಗಿತು. ಸಾಹೇಬರು ಗಡಿಯಾರ ನೋಡಿದರು.
ವಕೀಲರು ಸರಿಯಾಗಿದ್ದ ಕಾಗದವನ್ನೇ ಸರಿಮಾಡಿದರು.
ಪೆನ್ಸಿಲು ಮುಂದಿನ ಸಾಲಿಗೆ ಹೋಗಲಿಲ್ಲ.
ಹಿಂದಕ್ಕೆ ಬಂದು
ಆ ಎರಡು ಗೆರೆಗಳ ಪಕ್ಕ
ಯಾರೂ ಕೇಳದ ಒಂದು ಚುಕ್ಕೆ ಇಟ್ಟೆ.